ಎರಡು ಬ್ರೇಕಿನ ಕಾರು

ಸೆಪ್ಟೆಂಬರ್ ೧೪, ಭಾನುವಾರ

ಅಕ್ಕಾ,

ನಾನು ಇಲ್ಲಿಗೆ ಬಂದು ಮೂರು ವಾರವಾಯಿತು. ಇವತ್ತು ಮೊದಲ ಸಲ ಊರಾಚೆ ಸುತ್ತಾಡಿ ಬಂದೆವು. ನಾವು ಅಂದರೆ ನಾನು ಮತ್ತು ನನ್ನ ಕೋಣೆಯಲ್ಲಿರುವ ಗುಂಗುರು ಕೂದಲಿನ ಹುಡುಗಿ. ಎಂಟರ ಬಸ್ಸು ಹಿಡಿದು ಒಂದೂವರೆ ಗಂಟೆ ಹೋದರೆ ಒಂದು ಕೆರೆ ಸಿಗುತ್ತದೆ. ಕೆರೆ ಎಂದು ಬರೆಯಲು ಕೈ ಹಿಂಜರಿಯುತ್ತದೆ, ಯಾಕೆಂದರೆ ಆಚೆ ದಡವೇ ಕಾಣುವುದಿಲ್ಲ. ದಾಟಿಸಲು ಒಂದು ದೊಡ್ಡ ದೋಣಿ ಇದೆ. ಅದರ ಹೊಟ್ಟೆಯೊಳಗೆ ಕಾರುಗಳೂ ಸಾಲಾಗಿ ಹೋಗಿ ನಿಲ್ಲುತ್ತವೆ. ನಮ್ಮ ಬೂದು ಬಣ್ಣದ ಕಾರು ಅಜ್ಜಿಯನ್ನು ಇದಕ್ಕೆ ಹತ್ತಿಸಿದರೆ ಹೇಗಿರುತ್ತದೆ ಎಂದು ಯೋಚಿಸಿ ನಗು ಬಂತು. ಹತ್ತುವಾಗಲೇ ಕೆಮ್ಮಿ ನಿಂತುಬಿಡುತ್ತಿತ್ತೇನೋ.

ದೋಣಿಯ ಮೇಲೆ ಗಾಳಿ ಜೋರು. ಒಬ್ಬರು ತಾಯಿ ತಮ್ಮ ಇಬ್ಬರು ಮಕ್ಕಳ ಮಫ್ಲರನ್ನು ಒಂದಕ್ಕೊಂದು ಗಂಟು ಹಾಕಿಬಿಟ್ಟಿದ್ದರು, ಒಂದು ಓಡಿಹೋಗದಂತೆ ಇನ್ನೊಂದು ಕಾವಲು. ನೀನು ನನ್ನ ಜಡೆಯನ್ನು ಸ್ಕೂಟರಿನ ಕನ್ನಡಿಗೆ ಕಟ್ಟಿ ತರಕಾರಿ ತರಲು ಹೋಗಿದ್ದು ನೆನಪಾಯಿತು.

ಮಣ್ಣಿನ ಪಾಠ ಚೆನ್ನಾಗಿ ನಡೆಯುತ್ತಿದೆ. ನಮ್ಮ ಮೇಷ್ಟ್ರು ಎಲ್ಲರ ಮನೆಯವರ ಬಗ್ಗೆ ಕೇಳಿದರು. ಅಪ್ಪ ಹೋದಮೇಲೆ ಅಕ್ಕ ಅವರ ಡ್ರೈವಿಂಗ್ ಸ್ಕೂಲು ನಡೆಸುತ್ತಾಳೆ, ಊರಿನ ಅರ್ಧ ಹೆಂಗಸರಿಗೆ ಕಾರು ಕಲಿಸಿದವಳು ಅವಳೇ ಎಂದೆ. "ಹಾಗಾದ್ರೆ ನೀನು ಪಳಗಿದವಳೇ ಇರಬೇಕು" ಎಂದರು. ನನಗೆ ಕಾರು ಬರಲ್ಲ ಎಂದಾಗ ಇಡೀ ತರಗತಿ ನಕ್ಕಿತು.

ಅಮ್ಮನಿಗೆ ಹೇಳು, ಎಲ್ಲೂ ಒಬ್ಬಳೇ ಹೋಗುವುದಿಲ್ಲ ಎಂದು ಕೊಟ್ಟ ಮಾತು ನೆನಪಿದೆ.

ನಿನ್ನ
ಬಾಲ

*

ಸೆಪ್ಟೆಂಬರ್ ೨೯

ಬಾಲವೇ,

ನಿನ್ನ ಕಾಗದ ಹನ್ನೆರಡು ದಿನಕ್ಕೆ ಬಂತು. ಅಮ್ಮನಿಗೆ ಜೋರಾಗಿ ಮೂರು ಸಲ ಓದಿ ನನ್ನ ಗಂಟಲು ಹೋಯಿತು. ಅವರಿಗೆ ದೋಣಿಯೊಳಗೆ ಕಾರು ನಿಲ್ಲುತ್ತದೆ ಎಂಬುದರ ಮೇಲೆ ನಂಬಿಕೆಯಿಲ್ಲ. "ಕಾರು ನೀರಿಗೆ ಬಿದ್ರೆ ಯಾರು ಜವಾಬ್ದಾರಿ, ಕೇಳು ಅವಳನ್ನ" ಎಂದರು. ಕೇಳಿದ್ದೇನೆ. ದೊಡ್ಡಪ್ಪ ಬಂದಿದ್ದರು. "ಮಣ್ಣು ಓದೋಕೆ ಅಷ್ಟು ದೂರ ಹೋಗ್ಬೇಕಿತ್ತಾ, ನಮ್ಮ ಹಿತ್ತಲಲ್ಲಿ ಇರಲಿಲ್ವಾ" ಎಂದು ಎಂದಿನಂತೆ ಶುರು ಮಾಡಿದರು. ಅಲ್ಲಿಯ ಮಣ್ಣಿಗೆ ಡಿಗ್ರಿ ಆಗಿದೆ ದೊಡ್ಡಪ್ಪ ಎಂದೆ.

ಇಲ್ಲಿ ಹೊಸ ವಿದ್ಯಾರ್ಥಿನಿ ಹಲ್ಲಿನ ಡಾಕ್ಟರಮ್ಮ. ಮುಂದಕ್ಕೆ ಚೆನ್ನಾಗಿ ಬಿಡುತ್ತಾರೆ. ರಿವರ್ಸ್ ಎಂದರೆ ಮಾತ್ರ ಬೆವರು. ಗೇರು ಹಾಕುವ ಮುಂಚೆ ತಮಗೇ ಗೊತ್ತಿಲ್ಲದೆ "ಸ್ವಲ್ಪ ನೋವಾಗುತ್ತೆ, ತಡ್ಕೊಳ್ಳಿ" ಎನ್ನುತ್ತಾರೆ. ಯಾರಿಗೆ ಹೇಳುತ್ತಾರೋ, ನನಗೋ ಅಜ್ಜಿಗೋ ತಿಳಿಯದು.

ಹನ್ನೊಂದು ವರ್ಷದಲ್ಲಿ ನಾನು ಓಡಾಡಿದ ದೂರ ಒಟ್ಟು ಮಾಡಿದರೆ ಭೂಮಿಗೆ ಎರಡು ಸುತ್ತಾದರೂ ಬರಬಹುದು. ಆದರೆ ಎಲ್ಲಾ ಇದೇ ನಾಲ್ಕು ಬೀದಿಯಲ್ಲಿ, ಮೂರನೇ ಗೇರು ದಾಟದೆ. ಅದಕ್ಕೇ ಹೇಳುತ್ತೇನೆ, ನೀನು ಹೋದ ಕಡೆಯದೆಲ್ಲ ಬರೆ. ಏನೂ ಬಿಡಬೇಡ. ಪುಟ ಜಾಸ್ತಿಯಾದರೆ ಆಗಲಿ. ಮನೆಯಲ್ಲಿ ಅಮ್ಮ ಓದಲು ಬಿಡುವುದಿಲ್ಲ. ಕಾರಿನಲ್ಲಿ, ಪಾಠದ ನಡುವೆ ಓದಿಕೊಳ್ಳುತ್ತೇನೆ.

ಅಕ್ಕ

*

ಅಕ್ಟೋಬರ್ ೧೨, ಭಾನುವಾರ

ಅಕ್ಕಾ,

ನೀನು ಕೇಳಿದೆಯಲ್ಲ, ಇಗೋ ಆರು ಪುಟ.

ನಿನ್ನೆ ಮತ್ತು ಇವತ್ತು ಒಂದು ಬೆಟ್ಟದೂರಿಗೆ ಹೋಗಿದ್ದೆವು. ಎರಡೇ ಡಬ್ಬಿಯ ಪುಟ್ಟ ರೈಲು. ಚಾಲಕನ ಬೆನ್ನ ಹಿಂದೆಯೇ ಗಾಜಿನ ಬಾಗಿಲಿರುವುದರಿಂದ ಮುಂದಿನ ಹಳಿಯೆಲ್ಲ ನಮಗೂ ಕಾಣುತ್ತದೆ. ಸುರಂಗದೊಳಗೆ ಹೋಗುವಾಗ ಬೆಳಕು ಹಿಂದಕ್ಕೆ ಓಡಿ, ಬಟ್ಟೆಯ ಗುಂಡಿಯಷ್ಟಾಗಿ, ಆಮೇಲೆ ಇಲ್ಲವಾಗುತ್ತದೆ. ಹಾಗೆ ಹದಿನಾಲ್ಕು ಸುರಂಗ. ಬೆಟ್ಟದ ಮೇಲೆ ಗಡಿಯಾರ ರಿಪೇರಿ ಮಾಡುವ ಅಂಗಡಿ ಬಿಟ್ಟರೆ ಎಲ್ಲಾ ಮುಚ್ಚಿತ್ತು. ಅದರ ಮೆಟ್ಟಿಲ ಮೇಲೆ ಕೂತು ತಂದ ಬ್ರೆಡ್ಡು ತಿಂದೆವು. ಒಳಗಿನಿಂದ ನಲವತ್ತು ಗಡಿಯಾರಗಳ ಸದ್ದು ಬರುತ್ತಿತ್ತು.

ಕೂತಿದ್ದಾಗ ನೆನಪಾಯಿತು ನಮ್ಮ ಶೆಡ್ಡು. ಭಾನುವಾರ ಅಪ್ಪ ಮಲಗಿದ ಮೇಲೆ ನಾವಿಬ್ಬರೂ ಮೆಲ್ಲಗೆ ಹೋಗಿ ಅಜ್ಜಿಯೊಳಗೆ ಕೂರುತ್ತಿದ್ದೆವು. ಆಗ ಅದಕ್ಕೆ ಅಜ್ಜಿ ಎಂಬ ಹೆಸರಿರಲಿಲ್ಲ, ಹೊಸದಾಗಿ ಹೊಳೆಯುತ್ತಿತ್ತು. ನಿನಗೆ ಹದಿನಾರು, ನನಗೆ ಆರು. ನೀನು ಸ್ಟಿಯರಿಂಗ್ ಹಿಡಿಯುತ್ತಿದ್ದೆ, ನಾನು ಪಕ್ಕದಲ್ಲಿ ಕೂತು ಅಪ್ಪನ ಹರಿದ ನಕ್ಷೆಯನ್ನು ಮಡಿಲ ತುಂಬ ಹರಡಿಕೊಂಡು ದಾರಿ ಹೇಳಬೇಕು. ನನಗೆ ಓದಲು ಬರುತ್ತಿರಲಿಲ್ಲ, ಬಣ್ಣ ನೋಡಿ ಹೇಳುತ್ತಿದ್ದೆ. "ಈಗ ಹಸಿರು ಬಂತು ಅಕ್ಕ." "ಕಾಡು. ಕಿಟಕಿ ಏರಿಸು, ಆನೆ ಇರುತ್ತೆ." "ಈಗ ನೀಲಿ." "ಅಯ್ಯೋ, ಸಮುದ್ರ. ಕಾಲು ಮೇಲೆತ್ತು." ಇಬ್ಬರೂ ಕಾಲು ಸೀಟಿನ ಮೇಲೆ ಎತ್ತಿಕೊಂಡು ಸಮುದ್ರ ದಾಟುತ್ತಿದ್ದೆವು. ಒಮ್ಮೆ ನಾನು ನಿಜವಾಗಲೂ ನಿದ್ದೆ ಹೋಗಿ, ಎದ್ದಾಗ ನೀನು ಬೇರೆ ದೇಶ ಬಂತು ಎಂದೆ. ನಾನು ನಂಬಿ, ಶೆಡ್ಡಿನ ಬಾಗಿಲು ತೆಗೆಯಲು ಹೆದರಿ ಅತ್ತುಬಿಟ್ಟೆ.

ಇಲ್ಲಿ ಗೋಡೆಯ ಮೇಲೆ ಒಂದು ನಕ್ಷೆ ಅಂಟಿಸಿದ್ದೇನೆ. ಹೋಗಿಬಂದ ಊರಿಗೆ ಕೆಂಪು ಪಿನ್ನು, ಹೋಗಬೇಕಾದ್ದಕ್ಕೆ ಬಿಳಿ. ರೈಲುಹಳಿ ಮುಗಿಯುವ ಕೊನೆಯ ನಿಲ್ದಾಣ, ಉಪ್ಪು ತೆಗೆಯುವ ಗಣಿ, ಮೂರು ನದಿ ಒಂದೇ ಕಡೆ ಸೇರುವ ಜಾಗ. ಬಿಳಿ ಪಿನ್ನು ಎಷ್ಟಾಗಿವೆಯೆಂದರೆ ಗೋಡೆಗೆ ಹಲ್ಲು ಬಂದಂತೆ ಕಾಣುತ್ತದೆ. ನಿನ್ನ ಡಾಕ್ಟರಮ್ಮನನ್ನು ಕಳಿಸು.

ಬಾಲ

*

ಡಿಸೆಂಬರ್ ೨

ಅಕ್ಕಾ,

ಇದು ನಿನ್ನ ಉತ್ತರವಿಲ್ಲದೆ ಬರೆಯುತ್ತಿರುವ ನಾಲ್ಕನೇ ಕಾಗದ. ಉಪ್ಪಿನ ಗಣಿಗೆ ಹೋಗಿದ್ದು ಬರೆದೆ, ಜ್ವರ ಬಂದಿದ್ದು ಬರೆದೆ, ಪರೀಕ್ಷೆಯಲ್ಲಿ ಮೊದಲ ಐವರಲ್ಲಿ ಬಂದಿದ್ದೂ ಬರೆದೆ. ದಿನಾ ಕೆಳಗಿನ ಟಪಾಲು ಪೆಟ್ಟಿಗೆ ನೋಡುತ್ತೇನೆ. ನನ್ನ ಗೂಡಿನೊಳಗೆ ಒಂದು ಜೇಡ ಬಲೆ ಕಟ್ಟಿದೆ.

ರಜೆಗೆ ಮನೆಗೆ ಬರುವುದಿಲ್ಲ, ಹತ್ತು ದಿನ ರೈಲಿನಲ್ಲಿ ಸುತ್ತುತ್ತೇನೆ ಎಂದು ಬರೆದೆನಲ್ಲ, ಅದಕ್ಕೆ ಕೋಪವಾ? ನೀನು ಅಲ್ಲಿ ನಾಲ್ಕು ಬೀದಿಯಲ್ಲೇ ಸುತ್ತುತ್ತಿರುವಾಗ ನಾನು ಇಲ್ಲಿ ಊರೂರಿನ ವರ್ಣನೆ ಬರೆದು ಕಳಿಸಿದ್ದು ತಪ್ಪಾಯಿತೇನೋ ಎಂದು ಈಗ ಅನ್ನಿಸುತ್ತಿದೆ. ನೀನೇ ಕೇಳಿದ್ದೆ ಎಂದು ಬರೆದೆ. ಬೇಡವೆಂದರೆ ಬರೆಯುವುದಿಲ್ಲ. ಒಂದು ಸಾಲು ಹಾಕು.

ಬಾಲ

*

ಡಿಸೆಂಬರ್ ೧೭

ಬಾಲ,

ಕೋಪ ಏನೂ ಇಲ್ಲ. ಸ್ವಲ್ಪ ಕೆಲಸ ಜಾಸ್ತಿ. ಅಮ್ಮ ಚೆನ್ನಾಗಿದ್ದಾರೆ. ಹಲ್ಲಿನ ಡಾಕ್ಟರಮ್ಮ ರಿವರ್ಸ್ ಕಲಿಯುತ್ತಿದ್ದಾರೆ. ರಜೆಯಲ್ಲಿ ಎಲ್ಲಿಗಾದರೂ ಹೋಗಿ ಬಾ, ಗೆಳತಿಯನ್ನು ಬಿಟ್ಟು ಒಬ್ಬಳೇ ಹೋಗಬೇಡ. ಚಳಿಗೆ ಕಿವಿ ಮುಚ್ಚಿಕೋ.

ಅಕ್ಕ

*

ಜನವರಿ ೧೮, ಭಾನುವಾರ

ಅಕ್ಕಾ,

ನಿನ್ನ ಕಾಗದದಲ್ಲಿ ಆರು ವಾಕ್ಯವಿತ್ತು. ಎಣಿಸಿದೆ. ಕೊನೆಯದು ಮಾತ್ರ ನಿನ್ನ ಹಾಗಿತ್ತು.

ಹತ್ತು ದಿನದ ಪ್ರವಾಸ ಮುಗಿಸಿ ಬಂದೆವು. ಹಳಿ ಮುಗಿಯುವ ನಿಲ್ದಾಣಕ್ಕೂ ಹೋದೆವು. ಅಲ್ಲಿ ಎರಡು ಮರದ ದಿಮ್ಮಿ ಅಡ್ಡ ಇಟ್ಟು ಕೆಂಪು ಬಣ್ಣ ಬಳಿದಿದ್ದಾರೆ, ಅಷ್ಟೇ. ಆಚೆ ಹುಲ್ಲು, ಹುಲ್ಲಿನಾಚೆ ಸಮುದ್ರ. ಜಗತ್ತಿನ ತುದಿಯಲ್ಲಿ ಏನೋ ದೊಡ್ಡದು ಇರುತ್ತದೆ ಎಂದುಕೊಂಡಿದ್ದೆ. ನಿಲ್ದಾಣದ ಹೆಂಗಸು ಒದ್ದೆ ಪ್ಲಾಟ್‌ಫಾರ್ಮಿನ ಮೇಲೆ ಮರಳು ಎರಚುತ್ತಿದ್ದರು, ಯಾರೂ ಜಾರಬಾರದೆಂದು. ಇಳಿದವರು ನಾವು ಮಾತ್ರ. ಆಕೆ ಇಡೀ ಪ್ಲಾಟ್‌ಫಾರ್ಮಿಗೆ ಎರಚಿದರು.

ಇನ್ನು ಹೆಚ್ಚು ಬರೆಯುವುದಿಲ್ಲ, ಬೇಜಾರಾಗುತ್ತದೇನೋ. ಒಂದು ಕೆಲಸವಿದೆ. ಏಪ್ರಿಲ್‌ನಿಂದ ನಮ್ಮಲ್ಲಿ ಪ್ರತಿಯೊಬ್ಬರೂ ಊರಾಚೆ ಒಂದೊಂದು ತುಂಡು ನೆಲ ಆರಿಸಿಕೊಂಡು ವಾರವಾರ ಅಲ್ಲಿಯ ಮಣ್ಣು ತಂದು ಪರೀಕ್ಷಿಸಬೇಕು. ಆ ಕಡೆಗೆ ಬಸ್ಸಿಲ್ಲ. ವಿಭಾಗದ ಜೀಪು ಕೊಡುತ್ತಾರೆ, ಆದರೆ ಲೈಸೆನ್ಸು ಬೇಕು. ಮಾರ್ಚ್ ಕೊನೆಗೆ ಪರೀಕ್ಷೆ. ಜೀಪು ನೋಡಿಕೊಳ್ಳುವ ತಾತ ವಾರಕ್ಕೆರಡು ದಿನ ಜೊತೆಗೆ ಕೂರಲು ಒಪ್ಪಿದ್ದಾರೆ, ಆದರೆ ಅವರು ಮಾತಾಡುವವರಲ್ಲ. "ಹೂಂ" ಅಂದರೆ ಸರಿ, "ಹುಂಹೂಂ" ಅಂದರೆ ತಪ್ಪು.

ನೀನು ಹೇಳಿಕೊಡು. ಕಾಗದದಲ್ಲೇ. ಇಲ್ಲಿ ಎಲ್ಲ ಉಲ್ಟಾ, ಸ್ಟಿಯರಿಂಗ್ ಎಡಕ್ಕೆ, ಗೇರು ಬಲಗೈಗೆ. ನನಗೆ ನೀನು ಹೇಳಿದರೆ ಮಾತ್ರ ತಲೆಗೆ ಹೋಗುತ್ತದೆ.

ಬಾಲ

*

ಫೆಬ್ರವರಿ ೨

ಬಾಲ,

ಇದು ಆಗುವ ಹೋಗುವ ಮಾತಲ್ಲ. ಕಾಗದದಲ್ಲಿ ಈಜು ಕಲಿಸು ಅಂದ ಹಾಗಾಯಿತು. ಅಲ್ಲೇ ಯಾರಾದರೂ ಮಾತಾಡುವ ಮನುಷ್ಯರನ್ನು ಹುಡುಕು. ನನಗೆ ಪುರುಸೊತ್ತಿಲ್ಲ.

ಫೆಬ್ರವರಿ ೪

ಮೇಲಿನದನ್ನು ಟಪಾಲಿಗೆ ಹಾಕಲಿಲ್ಲ. ಹರಿದೂ ಹಾಕಲಿಲ್ಲ, ಇರಲಿ.

ಕ್ಲಚ್ಚಿನ ಬಗ್ಗೆ ಎರಡು ಸಾಲು ಬರೆಯೋಣವೆಂದು ಕೂತರೆ ಪೆನ್ನು ಓಡಲಿಲ್ಲ. ದಿನಾ ಬಾಯಲ್ಲಿ ಹೇಳುತ್ತಿದ್ದದ್ದು. ಆದರೆ ಪಕ್ಕದಲ್ಲಿ ಒಬ್ಬರ ಕಾಲು ನಡುಗುತ್ತಿದ್ದರೆ ತಾನೇ ಮಾತು ಬರುವುದು. ನನ್ನ ಕಾಲು ಏನು ಮಾಡುತ್ತದೆ ಎಂದು ನೋಡಲು ಬೆಳಿಗ್ಗೆ ಶೆಡ್ಡಿಗೆ ಹೋದೆ. ಕಾರಿನ ಮೇಲಿನ ಬಟ್ಟೆ ತೆಗೆದೆ. ನಿನ್ನ ಸ್ಟಿಯರಿಂಗ್ ಎಡಕ್ಕೆ ಎಂದೆಯಲ್ಲ, ಅಲ್ಲಿಂದ ರಸ್ತೆ ಹೇಗೆ ಕಾಣುತ್ತದೆ ಎಂದು ತಿಳಿಯಲು ಎಡಗಡೆ ಸೀಟಿನಲ್ಲಿ ಸ್ವಲ್ಪ ಹೊತ್ತು ಕೂತೆ.

ಬರೆದುಕೋ. ಮೊದಲ ದಿನ ಗಾಡಿ ಶುರು ಮಾಡಬೇಡ. ಸೀಟು ಹಿಂದೆ ಮುಂದೆ ಸರಿಸಿ, ಎಡಗಾಲು ಕ್ಲಚ್ಚನ್ನು ಪೂರ್ತಿ ಒತ್ತಿದಾಗ ಮಂಡಿ ಸ್ವಲ್ಪ ಮಡಚಿರಬೇಕು, ಅಷ್ಟು ಮಾಡಿಕೋ. ಕನ್ನಡಿಯಲ್ಲಿ ನಿನ್ನ ಮುಖ ಕಂಡರೆ ತಪ್ಪು, ಹಿಂದಿನ ಗಾಜು ಪೂರ್ತಿ ಕಾಣಬೇಕು. ಕೈಗಳು ಅದಲುಬದಲಾದರೂ ಕಾಲಿನ ಕೆಲಸ ಎಲ್ಲ ಕಡೆಯೂ ಒಂದೇ. ಬಲಗಾಲು ಬ್ರೇಕಿಗೂ ಆಕ್ಸಿಲರೇಟರಿಗೂ. ಹಿಮ್ಮಡಿ ನೆಲಕ್ಕೆ ಅಂಟಿರಲಿ. ಕಣ್ಣು ಮುಚ್ಚಿಕೊಂಡು ಬ್ರೇಕು, ಆಕ್ಸಿಲರೇಟರು, ಬ್ರೇಕು ಎಂದು ನೂರು ಸಲ ಮಾಡು. ತಾತನಿಗೆ ಬೇಸರ ಬಂದರೂ ಪರವಾಗಿಲ್ಲ. ನೂರು ಅಂದರೆ ನೂರು.

ಎರಡನೇ ದಿನ ಕ್ಲಚ್ಚು. ಒಂದನೇ ಗೇರು ಹಾಕಿ ಕ್ಲಚ್ಚನ್ನು ನಿಧಾನಕ್ಕೆ ಬಿಡುತ್ತಾ ಬಂದರೆ ಒಂದು ಜಾಗದಲ್ಲಿ ಗಾಡಿಗೆ ಸಣ್ಣ ನಡುಕ ಬರುತ್ತದೆ, ಮಲಗಿದ ಎಮ್ಮೆ ಏಳುವ ಮುಂಚೆ ಚರ್ಮ ಅಲುಗಿಸಿದ ಹಾಗೆ. ಅಲ್ಲೇ ಕಾಲು ನಿಲ್ಲಿಸು. ಆಮೇಲಷ್ಟೇ ಬಲಗಾಲು.

ಉಳಿದದ್ದು ಮುಂದಿನ ವಾರ ನೋಡಿ ಬರೆಯುತ್ತೇನೆ.

ಅಕ್ಕ

*

ಫೆಬ್ರವರಿ ೨೨, ಭಾನುವಾರ

ಅಕ್ಕಾ,

ನಿನ್ನ ಪಾಠ ಎರಡೂ ಬಂದವು. ಇದು ನನ್ನ ಅಕ್ಕನ ಕಾಗದ, ಎಮ್ಮೆ ಗಿಮ್ಮೆ ಎಲ್ಲ ಇದೆ ಎಂದು ಮೆಟ್ಟಿಲ ಮೇಲೇ ಕೂತು ಓದಿದೆ.

ನೂರು ಸಲ ಮಾಡಿದೆ. ತಾತ ಮೂವತ್ತರ ತನಕ ನೋಡಿ ಕೆಳಗಿಳಿದು ಹೋಗಿ ಚಹಾ ಕುಡಿದು ಬಂದರು. ಎರಡನೇ ದಿನ ಗಾಡಿ ಹನ್ನೊಂದು ಸಲ ನಿಂತುಹೋಯಿತು. ಹನ್ನೆರಡನೇ ಸಲಕ್ಕೆ ನಡುಕ ಸಿಕ್ಕಿತು. ನಾನು ಖುಷಿಯಲ್ಲಿ ಕನ್ನಡದಲ್ಲೇ "ಸಿಕ್ತು" ಎಂದು ಕೂಗಿದೆ. ತಾತ "ಹೂಂ" ಎಂದರು. ಆರು ತಿಂಗಳಲ್ಲಿ ನನ್ನ ಭಾಷೆಗೆ ಇಲ್ಲಿ ಸಿಕ್ಕ ಮೊದಲ ಉತ್ತರ ಅದು.

ಈಗ ಶನಿವಾರ ಭಾನುವಾರ ಬಸ್ಸು ರೈಲು ಬಿಟ್ಟೆವು. ಊರಾಚೆ ಹಳೆಯ ವಿಮಾನದ ಮೈದಾನವಿದೆ, ಯಾರೂ ಬಳಸುವುದಿಲ್ಲ, ಕಾಂಕ್ರೀಟಿನ ಬಿರುಕಿನಲ್ಲಿ ಹುಲ್ಲು ಬೆಳೆದಿದೆ. ಅದರ ತುಂಬ ಸುತ್ತುತ್ತೇವೆ. ನಿನ್ನೆ ಮೂರನೇ ಗೇರಿಗೆ ಹೋದೆ. ನೀನು ಪ್ರತಿಸಲ "ಶೆಡ್ಡಿಗೆ ಹೋಗಿ ನೋಡಿ ಬಂದೆ" ಎಂದು ಬರೆಯುವುದು ಓದಿ ನಗು ಬರುತ್ತದೆ. ಹನ್ನೊಂದು ವರ್ಷ ಓಡಿಸಿದವಳಿಗೆ ಅದೇನು ನೋಡುವುದಿದೆ?

ಡಾಕ್ಟರಮ್ಮ ಪಾಸಾದರಾ? ಸೆಪ್ಟೆಂಬರಿನಿಂದ ರಿವರ್ಸಿನಲ್ಲೇ ಇದ್ದಾರೆ, ಪಾಪ.

ಬಾಲ

*

ಮಾರ್ಚ್ ೧೦

ಬಾಲ,

ಈ ಕಾಗದ ನಿಂತುಕೊಂಡು ಓದಬೇಡ, ಕೂತು ಓದು.

ಡಾಕ್ಟರಮ್ಮ ನವೆಂಬರಿನಲ್ಲೇ ಬೇರೆ ಸ್ಕೂಲಿಗೆ ಹೋದರು. ಎಲ್ಲರೂ ಹೋದರು. ಅಕ್ಟೋಬರ್ ಇಪ್ಪತ್ತನಾಲ್ಕರಿಂದ ನಾನು ಪಾಠ ಮಾಡಿಲ್ಲ, ಕಾರು ಬೀದಿಗೆ ಇಳಿದಿಲ್ಲ. ದೊಡ್ಡಪ್ಪ, ಅಮ್ಮ ಯಾರೂ ನಿನಗೆ ಬರೆಯಬಾರದೆಂದು ನಾನೇ ಬಾಯಿ ಕಟ್ಟಿದ್ದೆ.

ಅವತ್ತು ಒಬ್ಬರು ಸ್ಕೂಲ್ ಟೀಚರು ಬಂದಿದ್ದರು, ಮೂರನೇ ದಿನದ ಪಾಠ. ಬೆಳಿಗ್ಗೆ ಹತ್ತೂವರೆ, ರಸ್ತೆ ಖಾಲಿ, ನೇರಕ್ಕೆ ಚೆನ್ನಾಗಿ ಬಿಡುತ್ತಿದ್ದರು. ಮೂಲೆಯಲ್ಲಿ ಇಸ್ತ್ರಿಯವರು ಕೆಂಡ ಊದುತ್ತಿದ್ದರು. ಅಪ್ಪನ ಅಂಗಿಯಿಂದ ನಿನ್ನ ಶಾಲೆಯ ಲಂಗದವರೆಗೆ ನಮ್ಮ ಮನೆಯ ಬಟ್ಟೆಯೆಲ್ಲ ಅವರ ಕೈಯಲ್ಲೇ ಹೋಗಿದೆ, ನಿನಗೆ ಗೊತ್ತಲ್ಲ. ತಿರುವಿನಲ್ಲಿ ಟೀಚರಿಗೆ ಗಾಬರಿಯಾಯಿತು. ಬ್ರೇಕೆಂದು ಆಕ್ಸಿಲರೇಟರು ಒತ್ತಿದರು. ಇದು ಹೊಸದೇನಲ್ಲ, ತಿಂಗಳಿಗೆ ಎರಡು ಸಲ ಯಾರಾದರೂ ಮಾಡುತ್ತಾರೆ. ಅದಕ್ಕೇ ತಾನೇ ನನ್ನ ಕಡೆಯೂ ಒಂದು ಬ್ರೇಕು ಇರುವುದು. ಹನ್ನೊಂದು ವರ್ಷ ಅದರ ಮೇಲಿಂದ ಕಾಲು ತೆಗೆದವಳಲ್ಲ ನಾನು. ಅವತ್ತು ಕಾಲು ಅದರ ಮೇಲಿರಲಿಲ್ಲ. ಎರಡೂ ಕಾಲು ಸೀಟಿನ ಮೇಲಿದ್ದವು.

ನಿನ್ನ ಕಾಗದ ಬೆಳಿಗ್ಗೆ ಬಂದಿತ್ತು, ಆರು ಪುಟದ್ದು. ಮಡಿಲಲ್ಲಿಟ್ಟುಕೊಂಡು ಓದುತ್ತಿದ್ದೆ. ಸಮುದ್ರ ಬಂತು ಕಾಲೆತ್ತು ಅನ್ನುವ ಕಡೆ ನಗು ಬಂದು, ನನಗೇ ಗೊತ್ತಿಲ್ಲದೆ ಕಾಲು ಮೇಲೆತ್ತಿಕೊಂಡಿದ್ದೆ.

ಕಾರು ಇಸ್ತ್ರಿ ಗಾಡಿಗೆ ಬಡಿಯಿತು. ಗಾಡಿ ಅವರ ಮೇಲೆ ಬಿತ್ತು. ಎಡಗಾಲಿನ ಮೂಳೆ ಎರಡು ಕಡೆ ಮುರಿಯಿತು. ಕೆಂಡ ರಸ್ತೆಯೆಲ್ಲ ಚೆಲ್ಲಿತ್ತು. ಅವರು ಕೂಗಲೂ ಇಲ್ಲ. "ಬಟ್ಟೆ ಯಾರದೋ ಇದಾವೆ ನೋಡಮ್ಮ, ಸುಟ್ಟು ಹೋಗ್ತಾವೆ" ಎಂದು ನನಗೆ ಹೇಳಿದರು. ನಾನು ಬರಿಗೈಯಲ್ಲಿ ಅಂಗಿಗಳನ್ನು ಎತ್ತಿದೆ. ಆಸ್ಪತ್ರೆಗೆ ಬೇರೆ ಯಾರದೋ ಗಾಡಿಯಲ್ಲಿ ಕರೆದೊಯ್ದರು. ನನ್ನದರಲ್ಲಿ ಕೂರಿಸಲು ಅವರ ಹೆಂಡತಿ ಒಪ್ಪಲಿಲ್ಲ. ಅದು ನ್ಯಾಯವೇ. ಆಮೇಲಿನ ಖರ್ಚೆಲ್ಲ ನಾನು ನೋಡಿಕೊಂಡೆ, ಆ ಮಾತು ಬೇಡ.

ನಿನಗೆ ಯಾಕೆ ಹೇಳಲಿಲ್ಲ ಎಂದು ಈಗ ತಿಳಿಯಿತಲ್ಲ. ಹೇಳಿದರೆ ನೀನು ಇನ್ನೆಂದೂ ನನಗೆ ಒಂದು ಸಾಲು ಬರೆಯುವುದಿಲ್ಲ ಎಂದು ಹೆದರಿದೆ. ಆಮೇಲೆ ಬಂದ ನಿನ್ನ ಮೂರು ಕಾಗದಗಳನ್ನು ಒಡೆಯಲೂ ಆಗಲಿಲ್ಲ, ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೆ. ನಾಲ್ಕನೆಯದನ್ನು ಮಾತ್ರ ಒಡೆದೆ. ತಪ್ಪು ಕಾಗದದ್ದಲ್ಲ, ಬರೆದವಳದ್ದಲ್ಲ, ಪಾಠದ ಹೊತ್ತಿನಲ್ಲಿ ಓದಿದವಳದ್ದು. ಇದನ್ನು ನೂರು ಸಲ ಹೇಳಿಕೋ, ಕ್ಲಚ್ಚಿನ ಹಾಗೆ.

ಅವರು ಫೆಬ್ರವರಿಯಿಂದ ಮತ್ತೆ ಮೂಲೆಗೆ ಬರುತ್ತಿದ್ದಾರೆ, ಸ್ಟೂಲಿನ ಮೇಲೆ ಕೂತು ಇಸ್ತ್ರಿ ಮಾಡುತ್ತಾರೆ. ನಾನು ಹಿಂದಿನ ಬೀದಿಯಿಂದ ಸುತ್ತಿ ಹೋಗುತ್ತೇನೆ.

ನೀನು ಪಾಠ ಕೇಳದಿದ್ದರೆ ಆ ಶೆಡ್ಡಿನ ಬಾಗಿಲು ತೆಗೆಯುತ್ತಿರಲಿಲ್ಲ. ಮೊದಲ ದಿನ ಎಡ ಸೀಟಿನಲ್ಲಿ ಕೂತು, ಬ್ರೇಕಿನ ಮೇಲೆ ಕಾಲಿಡದೆಯೇ ಎದ್ದುಬಂದೆ. ಎರಡನೇ ವಾರ ಬಲಕ್ಕೆ ಬಂದೆ. ಮೂರನೇ ವಾರ, ಗೇರು ಬದಲಿಸುವುದು ಬರೆಯಬೇಕಾಗಿತ್ತಲ್ಲ, ಇಂಜಿನ್ನು ಶುರು ಮಾಡಿದೆ. ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದರು. ಏನೂ ಕೇಳದವರಿಗೆ ಅದು ಹೇಗೆ ಕೇಳಿಸಿತೋ. ಈಗ ದಿನಾ ಗೇಟಿನವರೆಗೆ ಹೋಗಿ ಹಿಂದಕ್ಕೆ ಬರುತ್ತೇನೆ. ಗೇಟು ದಾಟಲಾಗುತ್ತಿಲ್ಲ.

ನನ್ನದು ಹೇಳಿದ್ದಾಯಿತು, ಈಗ ನಿನ್ನದು. ಅಕ್ಕಿ ಡಬ್ಬದ ಹಿಂದಿನದನ್ನೂ ಸೇರಿಸಿ ನಿನ್ನ ಕಾಗದಗಳನ್ನೆಲ್ಲ ಒಟ್ಟಿಗೆ ಓದಿದೆ. ಆ ಗುಂಗುರು ಕೂದಲಿನ ಹುಡುಗಿ ಇಷ್ಟು ಊರು ಸುತ್ತಿದಳಲ್ಲ, ಒಂದು ದಿನವಾದರೂ ಬಾಯಿ ಬಿಟ್ಟು ಒಂದು ಮಾತಾಡಿಲ್ಲ ಯಾಕೆ?

ಅಕ್ಕ

*

ಮಾರ್ಚ್ ೨೬

ಅಕ್ಕಾ,

ಕೂತೇ ಓದಿದೆ. ಎರಡು ದಿನ ಪೆನ್ನು ಹಿಡಿಯಲಾಗಲಿಲ್ಲ. ನೂರು ಸಲ ಹೇಳಿಕೊಂಡೆ. ಇನ್ನೂ ನೂರು ಬೇಕಾಗಬಹುದು. ಆದರೆ ಬರೆಯುವುದನ್ನು ನಿಲ್ಲಿಸುವುದಿಲ್ಲ, ನೀನೂ ಡಬ್ಬದ ಹಿಂದೆ ಇಡಬೇಡ.

ಗುಂಗುರು ಕೂದಲಿನವಳು ನಿಜ. ನಾನು ಬಂದ ಹತ್ತನೇ ದಿನ ಅವಳು ತನ್ನ ಊರಿನವರ ಜೊತೆಗಿರಲು ಬೇರೆ ಮನೆಗೆ ಹೋದಳು. ಈಗ ಎದುರಿಗೆ ಸಿಕ್ಕರೆ ತಲೆಯಾಡಿಸುತ್ತಾಳೆ. ನಾನು ನಿನಗೆ ಮೊದಲ ಕಾಗದ ಬರೆಯುವ ಹೊತ್ತಿಗೆ ಪಕ್ಕದ ಮಂಚದ ಮೇಲೆ ಹಾಸಿಗೆಯೂ ಇರಲಿಲ್ಲ.

ಶನಿವಾರ ಮಧ್ಯಾಹ್ನವಾದರೆ ಈ ಹಾಸ್ಟೆಲು ಖಾಲಿ. ಅಡುಗೆಕೋಣೆಯಲ್ಲಿ ಒಂದೇ ಲೋಟ ತೊಳೆದಿಡುತ್ತೇನೆ, ಅದೂ ನನ್ನದೇ. ಸೋಮವಾರದವರೆಗೆ ಯಾರೊಂದಿಗೂ ಮಾತಿಲ್ಲದೆ ಇರುವುದು ಕಷ್ಟ. ಬಸ್ಸು ಹತ್ತಿದರೆ ಟಿಕೆಟ್ಟು ಕೊಡುವವರಾದರೂ "ಎಲ್ಲಿಗೆ" ಎಂದು ಕೇಳುತ್ತಾರೆ. ಅದಕ್ಕೇ ಹೋಗಲು ಶುರು ಮಾಡಿದೆ. ಹಿಂದಿನ ಸೀಟಿನವರು ಆಡಿಕೊಳ್ಳುವುದು ಅರ್ಥವಾಗದಿದ್ದರೂ ಕಿವಿಗೆ ಹಿತವಾಗುತ್ತಿತ್ತು. ಒಬ್ಬಳೇ ಎಂದು ಬರೆದರೆ ಅಮ್ಮ ವಾಪಸು ಕರೆಸುತ್ತಾರೆ ಎಂಬ ಭಯ. ಆಮೇಲಾಮೇಲೆ ನಾವು ಎಂದು ಬರೆಯುವುದು ಅಭ್ಯಾಸವಾಯಿತು. ಗಡಿಯಾರದಂಗಡಿಯ ಮೆಟ್ಟಿಲ ಮೇಲೆ ಬ್ರೆಡ್ಡು ತಿಂದೆವು ಎಂದು ಬರೆದಾಗ ಆ ಇನ್ನೊಬ್ಬಳು ನೀನೇ ಆಗಿರುತ್ತಿದ್ದೆ. ಅದಕ್ಕೇ ಏನೋ ಅವಳಿಗೆ ಮಾತು ಕೊಡಲಾಗಲಿಲ್ಲ. ನೀನು ಏನು ಹೇಳುತ್ತಿದ್ದೆ ಎಂದು ನಿನ್ನ ಕಾಗದ ಬಂದಮೇಲೆ ತಾನೇ ಗೊತ್ತಾಗುವುದು.

ಸೋಮವಾರ ಪರೀಕ್ಷೆಯಿತ್ತು. ಫೇಲಾದೆ. ರಸ್ತೆಯಲ್ಲಿ ಯಾರು ಕಂಡರೂ ನಿಲ್ಲಿಸಿಬಿಟ್ಟೆ. ಆಚೆ ಪಕ್ಕದಲ್ಲಿ ನಾಯಿ ಹಿಡಿದುಕೊಂಡು ಹೋಗುವವರಿಗೂ ನಿಲ್ಲಿಸಿದೆ. ಪರೀಕ್ಷಕರು "ಯಾರಿಗಾದ್ರೂ ಏನಾದ್ರೂ ಆಗಿದೆಯಾ?" ಎಂದು ಕೇಳಿದರು. ನಮ್ಮ ಇಸ್ತ್ರಿಯವರಿಗೆ ಎಂದೆ. ಅವರಿಗೆ ಏನೂ ಅರ್ಥವಾಗಲಿಲ್ಲ, ಆದರೂ ತಲೆಯಾಡಿಸಿದರು. ಏಪ್ರಿಲ್ ಒಂಬತ್ತಕ್ಕೆ ಮತ್ತೆ ಬಾ ಎಂದಿದ್ದಾರೆ.

ಗೇಟು ದಾಟು ಎಂದು ನಾನು ಹೇಳುವುದಿಲ್ಲ. ಆದರೆ ಹಿಂದಿನ ಬೀದಿಯಿಂದ ಸುತ್ತಿ ಹೋಗಬೇಡ ಅಕ್ಕ. ಅವರು ನೀನು ಬರುವುದನ್ನು ನೋಡುತ್ತಿರಬಹುದು.

ಬಾಲ

*

ಏಪ್ರಿಲ್ ೯

ಅಕ್ಕಾ,

ಕಾರ್ಡಿನಲ್ಲಿ ಜಾಗ ಕಡಿಮೆ. ಪಾಸು. ತಾತ "ಹೂಂ, ಹೂಂ" ಎಂದರು, ಎರಡು ಸಲ. ಭಾನುವಾರ ನನ್ನ ನೆಲ ನೋಡಲು ಹೋಗುತ್ತೇನೆ. ಜೊತೆಗೆ ತರಗತಿಯ ಒಬ್ಬಳು ಬರುತ್ತಾಳೆ. ಇವಳು ನಿಜವಾಗಲೂ ಇದ್ದಾಳೆ, ಬಾಯಿ ಮುಚ್ಚುವುದೇ ಇಲ್ಲ, ಏನೇನು ಹೇಳಿದಳು ಎಂದು ಪುಟಗಟ್ಟಲೆ ಬರೆಯುತ್ತೇನೆ.

ಬಾಲ

*

ಏಪ್ರಿಲ್ ೧೩

ಬಾಲವೇ,

ನಿನ್ನ ಎರಡನೇ ಪರೀಕ್ಷೆ ಆಗಿರಬೇಕು. ಏನಾಯಿತೋ. ಫೇಲಾಗಿದ್ದರೆ ಮತ್ತೆ ಕೊಡು. ನಾಯಿಗೆ ನಿಲ್ಲಿಸಿದ್ದಕ್ಕೆ ಯಾರೂ ಸತ್ತಿಲ್ಲ.

ನಿನ್ನ ಮಾರ್ಚ್ ಕಾಗದ ಬಂದ ಮರುದಿನ ಮುಂದಿನ ಬೀದಿಯಲ್ಲೇ ಹೋದೆ. ಇಸ್ತ್ರಿಯವರು ತಲೆ ಎತ್ತಿ ನೋಡಿದರು.

"ಊರಲ್ಲಿರಲಿಲ್ವಾ ಇಷ್ಟು ದಿನ?" ಎಂದರು.

"ಇದ್ದೆ" ಎಂದೆ.

"ನಾನೂ ಇದ್ದೆ" ಎಂದು ಮತ್ತೆ ಬಟ್ಟೆಗೆ ನೀರು ಚಿಮುಕಿಸಿದರು. ಅಮ್ಮನ ಎರಡು ಸೀರೆ ಅಲ್ಲಿಟ್ಟು ಬಂದೆ.

ಶುಕ್ರವಾರ ಸಂಜೆ ಗಂಡ ಹೆಂಡತಿ ಇಬ್ಬರೂ ನಮ್ಮ ಗೇಟಿನ ಹತ್ತಿರ ಬಂದು ನಿಂತಿದ್ದರು. ಅವರ ಕಾಲಿನೊಳಗೆ ಹಾಕಿರುವ ಮೊಳೆ ಶನಿವಾರ ತೆಗೆಯುತ್ತಾರಂತೆ, ಪಕ್ಕದೂರಿನ ದೊಡ್ಡಾಸ್ಪತ್ರೆಯಲ್ಲಿ. ಬಸ್ಸಿನಲ್ಲಿ ಕಾಲು ಮಡಚಿ ಕೂರಲಾಗುವುದಿಲ್ಲ.

"ನೀವು ಕರ್ಕೊಂಡು ಹೋಗ್ತೀರಾ ಅಂತ ಕೇಳೋಕೆ ಬಂದ್ವಿ" ಎಂದರು.

"ನಾನು ಬಿಡೋದು ನಿಲ್ಲಿಸಿದ್ದೀನಿ. ಬೇರೆ ಒಳ್ಳೆ ಗಾಡಿ ಮಾಡಿ ಕೊಡ್ತೀನಿ."

"ಬೇರೆ ಗಾಡೀಲಿ ಕೂರೋಕೆ ನನಗೆ ಭಯ ಆಗುತ್ತೆ. ಅವಕ್ಕೆಲ್ಲಾ ಒಂದೇ ಬ್ರೇಕು. ನಿಮ್ಮದಕ್ಕೆ ಎರಡಿದೆ. ಇನ್ನೊಂದರ ಮೇಲೆ ಇವಳು ಕಾಲಿಟ್ಕೊಂಡು ಕೂತಿರ್ತಾಳೆ. ಇವಳು ಬಿಡೋಳಲ್ಲ" ಎಂದರು. ಅವರು ತಮಾಷೆ ಮಾಡುತ್ತಿದ್ದಾರೋ ಇಲ್ಲವೋ ನನಗೆ ತಿಳಿಯಲಿಲ್ಲ. ಹೆಂಡತಿಯ ಮುಖ ಗಂಟಿಕ್ಕಿತ್ತು. ಆದರೆ ಬೇಡ ಎನ್ನಲಿಲ್ಲ.

ಶನಿವಾರ ಬೆಳಿಗ್ಗೆ ಏಳಕ್ಕೆ ಅಮ್ಮ ಗೇಟು ತೆಗೆದರು. ಇಸ್ತ್ರಿಯವರು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತರು, ದಿಂಬು ಕೊಟ್ಟೆ. ಹೆಂಡತಿ ನನ್ನ ಎಡಕ್ಕೆ ಕೂತು, ಚಪ್ಪಲಿ ಬಿಟ್ಟು, ಎರಡೂ ಪಾದ ಆ ಬ್ರೇಕಿನ ಮೇಲಿಟ್ಟರು. ಕ್ಲಚ್ಚು ಅರ್ಧ ಬಿಟ್ಟೆ, ನಡುಕ ಬಂತು, ಅದು ಗಾಡಿಯದೋ ನನ್ನದೋ ಗೊತ್ತಿಲ್ಲ, ಗೇಟು ದಾಟಿದೆ. ತಿರುವಿನಲ್ಲಿ ಆಕೆ ಬ್ರೇಕು ಒತ್ತಿಯೇಬಿಟ್ಟರು, ಎಲ್ಲರ ತಲೆಯೂ ಮುಂದಕ್ಕೆ ಹೋಯಿತು. ಊರು ದಾಟುವಷ್ಟರಲ್ಲಿ ನಾಲ್ಕು ಸಲ. "ಪರವಾಗಿಲ್ಲ, ಒತ್ತಿ" ಎಂದೆ. ಆಮೇಲೆ ದಾರಿಯುದ್ದಕ್ಕೂ ಒತ್ತಲಿಲ್ಲ.

ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಹಿಡಿಯಿತು. ಮೊಳೆಗಳನ್ನು ಒಂದು ಪುಟ್ಟ ಸೀಸೆಯಲ್ಲಿ ಹಾಕಿ ಕೊಟ್ಟರು. ಅವರು ಅದನ್ನು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿ, "ಕೇಳಿ, ಆರು ತಿಂಗಳು ನನ್ನೊಳಗೆ ಇದ್ವು, ಒಂದು ದಿನ ಸದ್ದು ಮಾಡ್ಲಿಲ್ಲ" ಎಂದರು. ಅಲ್ಲೇ ಕಾರಿಡಾರಿನಲ್ಲಿ ನನಗೆ ಅಳು ಬಂತು. ಆ ದಿನ ನಾನು ಕಾಗದ ಓದುತ್ತಿದ್ದೆ ಎಂದು ಹೇಳಿದೆ. ಆರು ತಿಂಗಳಿಂದ ಅವರಿಗೂ ಹೇಳಿರಲಿಲ್ಲ. ಅವರು ಸೀಸೆಯನ್ನು ಜೇಬಿಗೆ ಹಾಕಿಕೊಂಡು, "ಯಾರ ಕಾಗದ, ಚಿಕ್ಕವಳದ್ದಾ? ಚೆನ್ನಾಗಿದ್ದಾಳಂತಾ?" ಎಂದು ಕೇಳಿದರು. ಚೆನ್ನಾಗಿದ್ದಾಳೆ ಎಂದೆ.

ವಾಪಸು ಬರುವಾಗ ಇಂಜೆಕ್ಷನ್ನಿನ ಮಂಪರಿನಲ್ಲಿ ಹಿಂದಿನ ಸೀಟಿನಿಂದ ಗೊರಕೆ ಕೇಳಿಸಿತು. ಕನ್ನಡಿಯಲ್ಲಿ ನೋಡಿದೆ. ಬಾಯಿ ತೆರೆದು, ಒಂದು ಕೈ ನೇತುಬಿಟ್ಟು ನಿದ್ದೆ ಮಾಡುತ್ತಿದ್ದರು, ನಾನು ಓಡಿಸುವ ಕಾರಿನಲ್ಲಿ. ರಸ್ತೆಯ ಒಂದೊಂದು ಗುಂಡಿಯನ್ನೂ ಸುತ್ತಿ ಬಳಸಿ ಬಂದೆ. ನಮ್ಮ ಊರಿಗೆ ತಿರುಗುವ ರಸ್ತೆ ಬಂತು. ಇಂಡಿಕೇಟರ್ ಹಾಕಿದೆ.

ಆಕೆ ಹಿಂದಕ್ಕೆ ತಿರುಗಿ ಗಂಡನನ್ನು ನೋಡಿದರು. "ಆರು ತಿಂಗಳಾಯ್ತು ಇವರು ಹಿಂಗೆ ಮಲಗಿ. ತಿರುಗಿಸಬೇಡ, ಎದ್ದುಬಿಡ್ತಾರೆ. ಈ ರಸ್ತೆ ಹಿಂಗೇ ಎಲ್ಲಿಗೆ ಹೋಗುತ್ತೆ?"

"ನನಗೂ ಗೊತ್ತಿಲ್ಲ, ಈ ಕಡೆ ಬಂದೇ ಇಲ್ಲ."

"ಹಂಗಾದ್ರೆ ಹೋಗು."

ಇಂಡಿಕೇಟರ್ ತೆಗೆದು ನೇರಕ್ಕೆ ಬಿಟ್ಟೆ. ಇಟ್ಟಿಗೆ ಗೂಡು ದಾಟಿತು, ಒಂದು ಹಳೆಯ ಸೇತುವೆ ದಾಟಿತು, ಆಮೇಲೆ ಎರಡೂ ಕಡೆ ಹೂಬಿಟ್ಟ ಸೂರ್ಯಕಾಂತಿ ಹೊಲ. ನಾಲ್ಕನೇ ಗೇರು ಹಾಕಿದೆ. ಆಕೆ ಕಿಟಕಿ ಗಾಜು ಇಳಿಸಿ ಮೊಣಕೈ ಹೊರಗಿಟ್ಟು ಕೂತರು. ಹೀಗೆ ಸುಮಾರು ಮುಕ್ಕಾಲು ಗಂಟೆ ಹೋಗಿರಬೇಕು. ಹಿಂದಿನಿಂದ ಗೊರಕೆ ನಿಂತಿತು.

"ಎಲ್ಲಿದ್ದೀವಿ?" ಎಂದು ಇಸ್ತ್ರಿಯವರು ಕೇಳಿದರು.

"ಯಾರಿಗೆ ಗೊತ್ತು" ಎಂದರು ಆಕೆ, ತಿರುಗಿಯೂ ನೋಡದೆ. "ಹೊಲ ಚೆನ್ನಾಗಿದೆ, ಸುಮ್ಮನೆ ನೋಡಿ."

ಅಕ್ಕ